ಖಾಲಿ ಡಿಸ್ಕಿನ ಆಯ್ಕೆ ಮತ್ತು ತಪ್ಪಿಲ್ಲದ ಬರವಣಿಗೆ

ನಮ್ಮ ಸಂಘದ ಉಚಿತ ವಾಚನಾಲಯದಲ್ಲಿ ಪತ್ರಿಕೆಗಳ ಮೇಜಿನ ಹಿಂದೆ ಇರುವ ಕಬ್ಬಿಣದ ಕಪಾಟನ್ನು ವಾಚಕರೆಲ್ಲರೂ ಬಲ್ಲರು. ಅದರ ಮೇಲಿನ ಅರೆಯಲ್ಲಿ ಅರುವತ್ತೆರಡು ಸಿ.ಡಿ.ಗಳಿವೆ. ನಾಡಹಬ್ಬದ ಭಾಷಣಗಳು, ಸದಸ್ಯರು ಆಡಿದ ನಾಟಕಗಳು, ತಾಳಮದ್ದಲೆಗಳು, ರಾತ್ರಿಶಾಲೆಯ ಹಳೆಯ ವಿದ್ಯಾರ್ಥಿಗಳ ನೆನಪಿನ ಮಾತುಗಳು, ಇವೆಲ್ಲ ಮೊದಲು ಕ್ಯಾಸೆಟ್ಟುಗಳಲ್ಲಿದ್ದವು. 2011ರಲ್ಲಿ ನಾವು ಕೆಲವರು ಸೇರಿ ಅವನ್ನು ಸಿ.ಡಿ.ಗಳಿಗೆ ಇಳಿಸಿದೆವು. ಇಳಿಸಿದ ಸಂತೋಷದಲ್ಲಿ, ಕಪಾಟಿನಲ್ಲಿ ಸ್ಥಳ ಸಾಲದೆಂಬ ನೆಪದಿಂದ, ಕ್ಯಾಸೆಟ್ಟುಗಳನ್ನು ರದ್ದಿಯವನಿಗೆ ಕೊಟ್ಟುಬಿಟ್ಟೆವು.

ಕಳೆದ ವರ್ಷ ಒಂದು ಭಾನುವಾರ, ಕಾಲವಾದ ಹಿರಿಯ ಸದಸ್ಯರೊಬ್ಬರ ಮಗಳು ವಾಚನಾಲಯಕ್ಕೆ ಬಂದರು. ಅವರ ತಂದೆ ಹುಡುಗನಾಗಿ ಮುಂಬಯಿಗೆ ಬಂದದ್ದು, ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಅಕ್ಷರ ಕಲಿತದ್ದು, ಇದನ್ನೆಲ್ಲ 1994ರಲ್ಲಿ ನಮ್ಮ ಸಭೆಯೊಂದರಲ್ಲಿ ಒಂದು ತಾಸು ಹೇಳಿದ್ದರು. "ಅಪ್ಪನ ಮಾತು ಒಮ್ಮೆ ಕೇಳಬೇಕಿತ್ತು, ಮಕ್ಕಳಿಗೂ ಕೇಳಿಸಬೇಕಿತ್ತು" ಎಂದರು. ನಾವು ಪಟ್ಟಿ ನೋಡಿ 17ನೆಯ ಸಂಖ್ಯೆಯ ಡಿಸ್ಕನ್ನು ತೆಗೆದು ಯಂತ್ರಕ್ಕೆ ಹಾಕಿದೆವು. ಯಂತ್ರ ಸ್ವಲ್ಪ ಹೊತ್ತು ಗುರುಗುಟ್ಟಿ, ಡಿಸ್ಕು ಖಾಲಿ ಇದೆಯೆಂದು ತೋರಿಸಿತು. ಆ ತಾಯಿಗೆ ಏನು ಹೇಳಬೇಕೆಂದು ನಮಗೆ ತಿಳಿಯಲಿಲ್ಲ.

ಮರುವಾರವೇ ನಾವು ಅರುವತ್ತೆರಡನ್ನೂ ಒಂದೊಂದಾಗಿ ಹಾಕಿ ನೋಡಿದೆವು. ನಲವತ್ತಮೂರು ಸರಿಯಾಗಿದ್ದವು. ಹನ್ನೆರಡು ಅರ್ಧಂಬರ್ಧ ಓದಿದವು. ಏಳು ಬಾಯಿಯನ್ನೇ ತೆರೆಯಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ನಮಗಾಗಿಯೇ ಹುಟ್ಟಿದಂತಿದೆ. ಆ ಬುದ್ಧಿಯನ್ನಾದರೂ ವಾಚಕರೊಡನೆ ಹಂಚಿಕೊಳ್ಳೋಣವೆಂದು ಈ ಪಾಠವನ್ನು ಬರೆಯುತ್ತಿದ್ದೇವೆ. ಮದುವೆಯ ಚಿತ್ರ, ತಾಯಿಯ ಹಾಡು, ಮಕ್ಕಳ ಮೊದಲ ತೊದಲುಮಾತು, ಇವುಗಳನ್ನು ಡಿಸ್ಕಿನಲ್ಲಿಟ್ಟು ನಿಶ್ಚಿಂತರಾಗಿರುವ ಮನೆಗಳು ನಮ್ಮಲ್ಲಿ ಹಲವಿವೆ.

ಡಿಸ್ಕಿನ ಒಳಗೆ ಏನಿದೆ?

ಅಂಗಡಿಯಲ್ಲಿ ದೊರೆಯುವ ಖಾಲಿ ಡಿಸ್ಕು 120 ಮಿಲಿಮೀಟರ್ ಅಗಲದ, 1.2 ಮಿಲಿಮೀಟರ್ ದಪ್ಪದ ಒಂದು ಬಿಲ್ಲೆ. ಸಿ.ಡಿ.ಯಾದರೆ ಕೆಳಗೆ ಪಾಲಿಕಾರ್ಬೊನೇಟ್ ಎಂಬ ಪಾರದರ್ಶಕ ಪ್ಲಾಸ್ಟಿಕ್, ಅದರ ಮೇಲೆ ಬಣ್ಣದ ತೆಳುವಾದ ಲೇಪ, ಅದರ ಮೇಲೆ ಕನ್ನಡಿಯಂತೆ ಹೊಳೆಯುವ ಬೆಳ್ಳಿಯ ಪದರ, ಎಲ್ಲಕ್ಕೂ ಮೇಲೆ ವಾರ್ನಿಷಿನಂಥ ರಕ್ಷಣೆಯ ಲೇಪ. ಬರೆಯುವಾಗ ಲೇಸರ್ ಕಿರಣವು ಬಣ್ಣದ ಲೇಪವನ್ನು ಅಲ್ಲಲ್ಲಿ ಕಾಯಿಸಿ ಗುರುತು ಮಾಡುತ್ತದೆ. ಓದುವಾಗ ಅದೇ ಕಿರಣವು ಮೆಲ್ಲನೆ ಹಾಯ್ದು, ಎಲ್ಲಿ ಬೆಳಕು ಚೆನ್ನಾಗಿ ಮರಳುತ್ತದೆ, ಎಲ್ಲಿ ಮಂದವಾಗುತ್ತದೆ ಎಂಬುದರಿಂದ ಅಕ್ಷರಗಳನ್ನು ಗ್ರಹಿಸುತ್ತದೆ. ಜನರು "ಸಿ.ಡಿ. ಬರ್ನ್ ಮಾಡುವುದು" ಎನ್ನುವುದು ಹೀಗೆ ಅಕ್ಷರಶಃ ನಿಜವಾದ ಮಾತು. ಸುಟ್ಟ ಗುರುತನ್ನು ಅಳಿಸಲು ಬಾರದು, ತಿದ್ದಲೂ ಬಾರದು.

ಈ ಗುರುತುಗಳು ನಡುವಿನಿಂದ ಅಂಚಿನ ಕಡೆಗೆ ಸುರುಳಿಯಾಗಿ ಸಾಗುತ್ತವೆ. ಒಂದು ಸುತ್ತಿಗೂ ಮುಂದಿನ ಸುತ್ತಿಗೂ ಇರುವ ಅಂತರ ಸಿ.ಡಿ.ಯಲ್ಲಿ 1.6 ಮೈಕ್ರಾನ್, ಡಿ.ವಿ.ಡಿ.ಯಲ್ಲಿ 0.74 ಮೈಕ್ರಾನ್, ಬ್ಲೂ-ರೇಯಲ್ಲಿ 0.32 ಮೈಕ್ರಾನ್. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಇಷ್ಟು ಸೂಕ್ಷ್ಮವಾದ ಕೆಲಸದಲ್ಲಿ ಧೂಳಿನ ಕಣವೊಂದು ಬಿದ್ದರೂ ಅದರ ಕೆಳಗಿನ ಎಷ್ಟೋ ಸುತ್ತುಗಳು ಮಂಕಾಗುವುವು. ಆದುದರಿಂದಲೇ ಇದನ್ನು ರೂಪಿಸಿದವರು ತಪ್ಪು ಬಂದೇ ಬರುವುದೆಂದು ಮೊದಲೇ ಎಣಿಸಿ, ಬರೆಯುವ ವಿಷಯದ ಜೊತೆಗೆ ತಿದ್ದುಪಡಿಯ ಲೆಕ್ಕವನ್ನೂ ಸೇರಿಸಿದ್ದಾರೆ. ಯಂತ್ರವು ಓದುವಾಗ ಸಣ್ಣಪುಟ್ಟ ತಪ್ಪುಗಳನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ತಪ್ಪುಗಳು ಆ ಲೆಕ್ಕದ ಅಳವನ್ನು ಮೀರಿದಾಗ ಮಾತ್ರ ಡಿಸ್ಕು ಕೈಕೊಡುತ್ತದೆ. "ನಿನ್ನೆ ಓದಿತು, ಇಂದು ಒಮ್ಮೆಲೇ ಕೆಟ್ಟಿತು" ಎಂದು ನಮಗೆ ಕಾಣುವುದು ಹಾಗಲ್ಲ. ಅದು ಬಹುದಿನಗಳಿಂದ ಒಳಗೊಳಗೇ ಕೆಡುತ್ತ ಬಂದಿರುತ್ತದೆ.

ಇನ್ನೊಂದು ವಿಷಯವನ್ನು ಗಮನಿಸಬೇಕು. ಸಿ.ಡಿ.ಯಲ್ಲಿ ಬರೆದ ಪದರವಿರುವುದು ಹೆಸರು ಬರೆಯುವ ಮೇಲ್ಮೈಗೆ ಅಂಟಿಕೊಂಡು. ಅದರ ರಕ್ಷಣೆಗೆ ಇರುವುದು ತೆಳುವಾದ ವಾರ್ನಿಷ್ ಮಾತ್ರ. ಹೊಳೆಯುವ ಕೆಳಮೈಯಲ್ಲಿ ಸಣ್ಣ ಗೀರು ಬಿದ್ದರೆ ಅಷ್ಟಾಗಿ ಬಾಧಕವಿಲ್ಲ. ಮೇಲ್ಮೈಯಲ್ಲಿ ಗೀರು ಬಿದ್ದರೆ ಬರಹವೇ ಹರಿದುಹೋಗುವುದು. ಹೆಚ್ಚಿನವರು ಇದಕ್ಕೆ ವಿರುದ್ಧವಾಗಿ ತಿಳಿದು, ಹೊಳೆಯುವ ಮೈ ಮೇಲೆ ಮಾಡಿ ಡಿಸ್ಕನ್ನು ಮೇಜಿನ ಮೇಲೆ ಎಳೆದಾಡುತ್ತಾರೆ. ಡಿ.ವಿ.ಡಿ.ಯಲ್ಲಿ 0.6 ಮಿಲಿಮೀಟರಿನ ಎರಡು ಬಿಲ್ಲೆಗಳನ್ನು ಅಂಟಿಸಿ, ಬರಹವನ್ನು ನಡುವೆ ಇಟ್ಟಿರುವುದರಿಂದ ಅದು ತಕ್ಕಮಟ್ಟಿಗೆ ಕ್ಷೇಮ. ಬ್ಲೂ-ರೇಯಲ್ಲಿ ಬರಹವು ಕೆಳಮೈಯಿಂದ ಕೇವಲ 0.1 ಮಿಲಿಮೀಟರ್ ಒಳಗಿದೆ. ಅದಕ್ಕಾಗಿ ಆ ಮೈಗೆ ಗಟ್ಟಿಯಾದ ಲೇಪ ಕೊಟ್ಟಿರುತ್ತಾರೆ.

ಯಾವ ಜಾತಿಯ ಡಿಸ್ಕು ಬೇಕು?

ಸಿ.ಡಿ.-ಆರ್ ನಲ್ಲಿ 700 ಎಂ.ಬಿ., ಅಂದರೆ ಹಾಡಿನ ಲೆಕ್ಕದಲ್ಲಿ 80 ನಿಮಿಷ ಹಿಡಿಯುತ್ತದೆ. ಡಿ.ವಿ.ಡಿ.ಯಲ್ಲಿ 4.7 ಜಿ.ಬಿ., ಬ್ಲೂ-ರೇಯಲ್ಲಿ 25 ಜಿ.ಬಿ. ಡಿ.ವಿ.ಡಿ. ಕೊಂಡವರು ಕಂಪ್ಯೂಟರಿನಲ್ಲಿ 4.37 ಎಂದು ಕಂಡು ಅಂಗಡಿಯವನು ಮೋಸ ಮಾಡಿದನೆಂದು ಬಗೆಯುವುದುಂಟು. ಅದು ಮೋಸವಲ್ಲ. ಡಬ್ಬಿಯ ಮೇಲೆ ಸಾವಿರದ ಲೆಕ್ಕ, ಕಂಪ್ಯೂಟರಿನಲ್ಲಿ 1024ರ ಲೆಕ್ಕ, ಸರಕು ಒಂದೇ.

ಡಿ.ವಿ.ಡಿ.ಯಲ್ಲಿ ಮೈನಸ್-ಆರ್ ಎಂದೂ ಪ್ಲಸ್-ಆರ್ ಎಂದೂ ಎರಡು ಬಗೆ. ಈಗಿನ ಯಂತ್ರಗಳು ಎರಡನ್ನೂ ಬರೆಯುತ್ತವೆ, ಎರಡನ್ನೂ ಓದುತ್ತವೆ. ಮನೆಯ ಹಳೆಯ ಡಿ.ವಿ.ಡಿ. ಪ್ಲೇಯರಿನಲ್ಲಿ ನೋಡುವ ಉದ್ದೇಶವಿದ್ದರೆ ಮೈನಸ್-ಆರ್ ಕೊಳ್ಳುವುದು ಯುಕ್ತ. ಆರ್.ಡಬ್ಲ್ಯು. ಎಂದು ಅಚ್ಚಾಗಿದ್ದರೆ ಅದು ಅಳಿಸಿ ಬರೆಯುವ ಜಾತಿ. ಅದರಲ್ಲಿ ಬಣ್ಣದ ಬದಲು ಲೋಹದ ಮಿಶ್ರಣವಿರುತ್ತದೆ. ಸುಮಾರು ಸಾವಿರ ಸಲ ಬರೆಯಬಹುದು. ಅಭ್ಯಾಸಕ್ಕೆ ಅದು ಒಳ್ಳೆಯದು, ಜೋಪಾನವಾಗಿಡುವ ವಿಷಯಕ್ಕೆ ತಕ್ಕದ್ದಲ್ಲ. ಎರಡು ಪದರದ 8.5 ಜಿ.ಬಿ. ಡಿ.ವಿ.ಡಿ.ಯಲ್ಲಿ ಒಂದು ಪದರದಿಂದ ಇನ್ನೊಂದಕ್ಕೆ ದಾಟುವಾಗ ತೊಡಕಾಗುವುದು ಹೆಚ್ಚು. ಒಂದು ಪದರದ ಎರಡು ಡಿಸ್ಕುಗಳೇ ಲೇಸು.

ಬಣ್ಣದ ಲೇಪದಲ್ಲಿಯೂ ಭೇದವುಂಟು. ಸಿ.ಡಿ.ಗಳಲ್ಲಿ ಸಯನೈನ್, ಥ್ಯಾಲೊಸಯನೈನ್, ಅಜೋ ಎಂಬ ಮೂರು ಮುಖ್ಯ. ಸಯನೈನ್ ಬೆಳಕಿಗೆ ಬೇಗ ಸೋಲುತ್ತದೆ. ಥ್ಯಾಲೊಸಯನೈನ್ ಹೆಚ್ಚು ಬಾಳುತ್ತದೆ. ತೆಳು ಹೊಂಬಣ್ಣ ಅಥವಾ ತಿಳಿಹಸಿರು ಕಂಡರೆ ಅದು ಸಾಮಾನ್ಯವಾಗಿ ಥ್ಯಾಲೊಸಯನೈನ್. ಗಾಢ ನೀಲಿಯಾದರೆ ಅಜೋ. ಬೆಳ್ಳಿಯ ಬದಲು ಚಿನ್ನದ ಪದರವಿರುವ ಡಿಸ್ಕುಗಳು ತುಕ್ಕು ಹಿಡಿಯುವುದಿಲ್ಲ, ಆದರೆ ಬೆಲೆ ದುಬಾರಿ. ಬ್ಲೂ-ರೇ ಡಿಸ್ಕುಗಳ ಬರೆಯುವ ಪದರ ಸಾಮಾನ್ಯವಾಗಿ ಬಣ್ಣದ್ದಲ್ಲ, ನಿರ್ಜೀವ ಧಾತುಗಳದ್ದು. ಆದುದರಿಂದ ಬೆಳಕಿನ ಭಯ ಅದಕ್ಕೆ ಕಡಿಮೆ. ಡಬ್ಬಿಯ ಮೇಲೆ ಎಲ್.ಟಿ.ಎಚ್. ಎಂದಿದ್ದರೆ ಮಾತ್ರ ಅದು ಬಣ್ಣದ ಅಗ್ಗದ ಜಾತಿ. ಅದನ್ನು ಬಿಡುವುದು ಮೇಲು. ಎಂ-ಡಿಸ್ಕ್ ಎಂಬ ಇನ್ನೊಂದು ಬಗೆಯಲ್ಲಿಯೂ ಬಣ್ಣವಿಲ್ಲ. ಅದರ ಬಾಳಿಕೆ ಸಾವಿರ ವರ್ಷವೆಂದು ತಯಾರಕರ ಹೇಳಿಕೆ. ಅಷ್ಟು ಕಾಲ ಕಾದು ನೋಡಿದವರು ಯಾರೂ ಇಲ್ಲ. ಸಾಧಾರಣ ಡಿಸ್ಕಿಗಿಂತ ಹೆಚ್ಚು ಬಾಳುತ್ತದೆಂದು ತಿಳಿದುಕೊಂಡರೆ ಸಾಕು.

ಅಂಗಡಿಯಲ್ಲಿ ನೋಡತಕ್ಕ ವಿಷಯಗಳು

ಬರೆಯಬಹುದಾದ ಸಿ.ಡಿ.ಯನ್ನು 1988ರಲ್ಲಿ ಹೊರತಂದ ಜಪಾನಿನ ತೈಯೊ ಯುಡೆನ್ ಕಂಪನಿ 2015ರಲ್ಲಿ ಈ ಉದ್ಯಮವನ್ನೇ ಬಿಟ್ಟಿತು. ನಮ್ಮ ದೇಶದಲ್ಲಿ ಡಿಸ್ಕುಗಳಿಗೆ ಮನೆಮಾತಾಗಿದ್ದ ಮೋಸರ್ ಬೇರ್ ಕಂಪನಿ 2018ರಲ್ಲಿ ವಿಸರ್ಜನೆಗೆ ಹೋಯಿತು. ಬರೆಯುವ ಬ್ಲೂ-ರೇ ಡಿಸ್ಕುಗಳ ತಯಾರಿಕೆಯನ್ನು ಪ್ಯಾನಸೋನಿಕ್ 2023ರಲ್ಲಿಯೂ ಸೋನಿ 2025ರ ಫೆಬ್ರುವರಿಯಲ್ಲಿಯೂ ನಿಲ್ಲಿಸಿದವು. ಹೀಗಾಗಿ ಇಂದು ಲ್ಯಾಮಿಂಗ್ಟನ್ ರಸ್ತೆಯಲ್ಲಾಗಲಿ ಬೇರೆಲ್ಲೇ ಆಗಲಿ ಕೈಗೆ ಬರುವ ಡಿಸ್ಕು ವರ್ಷಗಟ್ಟಲೆ ಗೋದಾಮಿನಲ್ಲಿ ಕುಳಿತಿದ್ದ ಸರಕಾಗಿರುವ ಸಂಭವವಿದೆ. ಖಾಲಿ ಡಿಸ್ಕಿಗೂ ವಯಸ್ಸಾಗುತ್ತದೆ. ಪುಸ್ತಕಭಂಡಾರಗಳಿಗೆಂದು ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ 2003ರಲ್ಲಿ ಹೊರತಂದ ಕೈಪಿಡಿಯಲ್ಲಿ, ಬರೆಯದ ಡಿಸ್ಕಿನ ಆಯುಷ್ಯ ಐದರಿಂದ ಹತ್ತು ವರ್ಷವೆಂದು ಹೇಳಿದೆ. ಆದುದರಿಂದ ಅಗ್ಗವೆಂದು ನೂರರ ಡಬ್ಬಿ ಕೊಂಡು ಅಟ್ಟದ ಮೇಲೆ ಇಡುವುದು ಜಾಣತನವಲ್ಲ. ಈ ತಿಂಗಳು ಬರೆಯುವಷ್ಟನ್ನು ಈ ತಿಂಗಳು ಕೊಳ್ಳಬೇಕು.

ಡಬ್ಬಿಯ ಮೇಲಿನ ಹೆಸರು ನೋಡಿ ಮರುಳಾಗಬಾರದು. ಒಂದೇ ಹೆಸರಿನ ಡಬ್ಬಿಯಲ್ಲಿ ಬೇರೆ ಬೇರೆ ಕಾರ್ಖಾನೆಗಳ ಡಿಸ್ಕುಗಳು ಇರುವುದುಂಟು. ನಿಜವಾಗಿ ತಯಾರಿಸಿದವರು ಯಾರೆಂಬ ಗುರುತು ಡಿಸ್ಕಿನ ಒಳಗೇ ಅಚ್ಚಾಗಿರುತ್ತದೆ. ವಿಂಡೋಸ್ ಕಂಪ್ಯೂಟರಿನಲ್ಲಿ ಇಮ್ಗ್‌ಬರ್ನ್ ಎಂಬ ಉಚಿತ ಪ್ರೋಗ್ರಾಮು ಆ ಗುರುತನ್ನು ತೋರಿಸುತ್ತದೆ. ಬರೆಯುವ ಯಂತ್ರವೂ ಆ ಗುರುತನ್ನೇ ಓದಿ, ಈ ಲೇಪಕ್ಕೆ ಎಷ್ಟು ಶಾಖ ಬೇಕೆಂದು ತನ್ನ ಪಟ್ಟಿಯಲ್ಲಿ ನೋಡಿಕೊಳ್ಳುತ್ತದೆ. ಪಟ್ಟಿಯಲ್ಲಿಲ್ಲದ ಡಿಸ್ಕಾದರೆ ಅಂದಾಜಿನ ಮೇಲೆ ಬರೆಯುತ್ತದೆ. ಒಬ್ಬರ ಮನೆಯ ಯಂತ್ರದಲ್ಲಿ ಚೆನ್ನಾಗಿ ಬರುವ ಡಿಸ್ಕು ಇನ್ನೊಬ್ಬರಲ್ಲಿ ಕೆಡುವುದಕ್ಕೆ ಇದೇ ಕಾರಣ. ಆದುದರಿಂದ ಮೊದಲು ಐದೋ ಹತ್ತೋ ಕೊಂಡು, ನಮ್ಮ ಯಂತ್ರದಲ್ಲಿ ಬರೆದು ಪರೀಕ್ಷಿಸಿ, ಸರಿಬಂದರೆ ಅದೇ ಸರಕನ್ನು ಮತ್ತೆ ಕೊಳ್ಳಬೇಕು.

ಪಾದಚಾರಿ ಹಾದಿಯಲ್ಲಿ ಬಿಡಿಬಿಡಿಯಾಗಿ ಕಾಗದದ ಲಕೋಟೆಯಲ್ಲಿ ಮಾರುವುದನ್ನು ಕೊಳ್ಳಬಾರದು. 2011ರಲ್ಲಿ ನಾವು ಕೊಂಡದ್ದು ಅದನ್ನೇ. ಒಂದು ಡಿಸ್ಕಿಗೆ ಎರಡು ರೂಪಾಯಿ ಉಳಿಯಿತೆಂದು ಹಿಗ್ಗಿದೆವು. ಮುಚ್ಚಿದ ಡಬ್ಬಿಯಾದರೂ ತೆರೆದೊಡನೆ ಒಂದೊಂದನ್ನು ದೀಪಕ್ಕೆ ಹಿಡಿದು ನೋಡುವುದು ಒಳ್ಳೆಯದು. ಲೇಪವು ಅಂಚಿನವರೆಗೆ ಸಮನಾಗಿ ಹರಡಿರಬೇಕು. ಗುಳ್ಳೆ, ಚುಕ್ಕೆ, ಸೂಜಿಮೊನೆಯಷ್ಟು ಬೆಳಕು ತೂರುವ ರಂಧ್ರ ಕಂಡರೆ ಅದನ್ನು ಬದಿಗಿಡಬೇಕು.

ಬರೆಯುವ ಮುನ್ನ

ಮೊದಲನೆಯದಾಗಿ, ಯಾವ ರೂಪದಲ್ಲಿ ಬರೆಯುವುದು? ಕ್ಯಾಸೆಟ್ಟಿನ ಧ್ವನಿಯನ್ನು ಪ್ಲೇಯರಿನಲ್ಲಿ ಹಾಡುವ ಆಡಿಯೋ ಸಿ.ಡಿ.ಯಾಗಿ ಬರೆಯಬಹುದು, ಇಲ್ಲವೆ ಕಡತವಾಗಿ ಡೇಟಾ ಸಿ.ಡಿ.ಯಲ್ಲಿಯೂ ಇಡಬಹುದು. ಜೋಪಾನಕ್ಕೆ ಎರಡನೆಯದೇ ಸರಿ. ಸಿ.ಡಿ.ಯ ಒಂದೊಂದು ಮನೆಯಲ್ಲಿ 2,352 ಬೈಟುಗಳಿರುತ್ತವೆ. ಆಡಿಯೋ ಸಿ.ಡಿ.ಯಲ್ಲಿ ಅಷ್ಟೂ ಧ್ವನಿಗೇ ಹೋಗುತ್ತದೆ. ಡೇಟಾ ಸಿ.ಡಿ.ಯಲ್ಲಿ 2,048 ಮಾತ್ರ ಕಡತಕ್ಕೆ. ಉಳಿದ 304 ಬೈಟುಗಳು ಮನೆಯ ಗುರುತಿಗೂ ತಪ್ಪು ತಿದ್ದುವ ಹೆಚ್ಚಿನ ಲೆಕ್ಕಕ್ಕೂ ಮೀಸಲು. ಜಾಗ ಸ್ವಲ್ಪ ಕಡಿಮೆಯಾದರೂ ಭದ್ರತೆ ಹೆಚ್ಚು. ನಾವು ಅರುವತ್ತೆರಡನ್ನೂ ಆಡಿಯೋ ಸಿ.ಡಿ.ಯಾಗಿಯೇ ಬರೆದಿದ್ದೆವು.

ಎರಡನೆಯದಾಗಿ, ಎಷ್ಟು ಹಿಡಿಯುತ್ತದೆ? ಸಿ.ಡಿ. ಗುಣಮಟ್ಟದ ವೇವ್ ಕಡತ ಒಂದು ತಾಸಿಗೆ ಸುಮಾರು 635 ಎಂ.ಬಿ. ಆಗುತ್ತದೆ. 60 ನಿಮಿಷದ ಒಂದು ಕ್ಯಾಸೆಟ್ಟು ಒಂದು ಸಿ.ಡಿ.ಯಲ್ಲಿ ಕೂರುತ್ತದೆ, 90 ನಿಮಿಷದ್ದು ಕೂರುವುದಿಲ್ಲ. ಡಿ.ವಿ.ಡಿ.ಯಾದರೆ 60 ನಿಮಿಷದ ಏಳು ಕ್ಯಾಸೆಟ್ಟುಗಳಿಗೆ ಲೆಕ್ಕ ಸರಿಹೋಗುತ್ತದೆ. ಆದರೂ ನಾವು ಆರನ್ನೇ ಹಾಕುತ್ತೇವೆ. ಬರಹವು ಒಳಗಿನಿಂದ ಹೊರಕ್ಕೆ ಸಾಗುವುದರಿಂದ, ತುಂಬಿದ ಡಿಸ್ಕಿನ ಕೊನೆಯ ಭಾಗ ಅಂಚಿನಲ್ಲಿ ಬೀಳುತ್ತದೆ. ಲೇಪ ಅಸಮವಾಗುವುದು, ಬೆರಳು ತಗಲುವುದು, ಡಿಸ್ಕು ಸೊಟ್ಟಗಾಗುವುದು ಎಲ್ಲವೂ ಅಂಚಿನಲ್ಲಿಯೇ ಹೆಚ್ಚು. ಹೊಲದ ಬದುವಿನ ಬೆಳೆ ದನದ ಪಾಲಾಗುವಂತೆ ಇದು. ಬದುವನ್ನು ಖಾಲಿ ಬಿಟ್ಟರೆ ನಷ್ಟವಿಲ್ಲ.

ಮೂರನೆಯದಾಗಿ, ಕಡತಗಳಿಗೆ ಹೆಸರು. ಡಿಸ್ಕಿನ ಹಳೆಯ ಪದ್ಧತಿಗಳು ಕನ್ನಡ ಅಕ್ಷರದ ಉದ್ದನೆಯ ಹೆಸರುಗಳನ್ನು ಕತ್ತರಿಸುವುದುಂಟು. ಆದುದರಿಂದ ಕಡತಕ್ಕೆ ರೋಮನ್ ಅಕ್ಷರ ಮತ್ತು ಅಂಕಿಗಳ ಚಿಕ್ಕ ಹೆಸರು ಕೊಟ್ಟು, ಯಾರ ಭಾಷಣ, ಯಾವ ದಿನ, ಎಷ್ಟು ನಿಮಿಷ ಎಂಬುದನ್ನು ಕನ್ನಡದಲ್ಲಿ ಯೂನಿಕೋಡ್ ಪಟ್ಟಿಯಾಗಿ ಅದೇ ಡಿಸ್ಕಿನಲ್ಲಿ ಸೇರಿಸಬೇಕು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಮಾಡಿದ ಲೇಖನಗಳನ್ನು ಬರೆಯುವುದಿದ್ದರೆ ಅವನ್ನು ಯೂನಿಕೋಡಿಗೆ ಬದಲಿಸಿ, ಜೊತೆಗೆ ಪಿ.ಡಿ.ಎಫ್. ಪ್ರತಿಯನ್ನೂ ಇಡಬೇಕು. ಇಲ್ಲವಾದರೆ ಡಿಸ್ಕು ಚೆನ್ನಾಗಿ ಓದಿದರೂ ತೆರೆಯ ಮೇಲೆ ಬರುವುದು ಅರ್ಥವಿಲ್ಲದ ಗೀಟುಗಳು ಮಾತ್ರ.

ಬರೆಯುವ ಕ್ರಮ

ಬರೆಯಬೇಕಾದುದನ್ನೆಲ್ಲ ಮೊದಲು ಕಂಪ್ಯೂಟರಿನ ಸ್ವಂತ ಹಾರ್ಡ್ ಡಿಸ್ಕಿಗೆ ತಂದುಕೊಳ್ಳಬೇಕು. ಪೆನ್ ಡ್ರೈವಿನಿಂದ ನೇರವಾಗಿ ಬರೆಯಬಾರದು. ಲೇಸರ್ ಒಂದೇ ಸಮನೆ ಸಾಗುತ್ತಿರುವಾಗ ವಿಷಯ ಒದಗುವುದು ತಡವಾದರೆ ಬರಹ ಮುರಿಯುತ್ತದೆ. 2000ದ ಸುಮಾರಿಗೆ ಬಂದ ಯಂತ್ರಗಳಿಂದ ಈಚೆಗೆ, ನಿಂತ ಜಾಗದಿಂದಲೇ ಮುಂದುವರಿಸುವ ಉಪಾಯವಿದೆ. ಆದರೂ ಜೋಡಿಸಿದ ದಾರಕ್ಕಿಂತ ಜೋಡಿಸದ ದಾರವೇ ಗಟ್ಟಿ. ಆ ಹೊತ್ತಿನಲ್ಲಿ ಬೇರೆ ಪ್ರೋಗ್ರಾಮುಗಳನ್ನು ಮುಚ್ಚಬೇಕು. ಲ್ಯಾಪ್‌ಟಾಪನ್ನು ಕರೆಂಟಿಗೆ ಜೋಡಿಸಿರಬೇಕು. ಮೇಜನ್ನು ಅಲುಗಾಡಿಸಬಾರದು. ಈಗಿನ ಲ್ಯಾಪ್‌ಟಾಪುಗಳಲ್ಲಿ ಡ್ರೈವೇ ಇರುವುದಿಲ್ಲ. ಹೊರಗಿನಿಂದ ಜೋಡಿಸುವ ಡ್ರೈವಿಗೆ ಎರಡು ಯು.ಎಸ್.ಬಿ. ತಂತಿಗಳಿದ್ದರೆ ಎರಡನ್ನೂ ಸಿಕ್ಕಿಸಬೇಕು. ಒಂದರಿಂದ ಬರುವ ವಿದ್ಯುತ್ತು ಬರೆಯುವ ಲೇಸರಿಗೆ ಕೆಲವೊಮ್ಮೆ ಸಾಲದು.

ಇನ್ನು ವೇಗ. ಡಬ್ಬಿಯ ಮೇಲೆ 52 ಪಟ್ಟು, 16 ಪಟ್ಟು ಎಂದು ಅಚ್ಚಾಗಿರುವುದು ಗರಿಷ್ಠ ವೇಗ. 52 ಪಟ್ಟಿನಲ್ಲಿ ಸಿ.ಡಿ. ನಿಮಿಷಕ್ಕೆ ಸುಮಾರು 10,000 ಸುತ್ತು ತಿರುಗುತ್ತದೆ. ಡಿಸ್ಕು ಕೂದಲೆಳೆಯಷ್ಟು ಓಲಾಡಿದರೂ ಗುರುತು ತಪ್ಪುತ್ತದೆ. 52 ಪಟ್ಟಿನ ಸಿ.ಡಿ.ಯನ್ನು 16 ಅಥವಾ 24 ಪಟ್ಟಿನಲ್ಲಿ, 16 ಪಟ್ಟಿನ ಡಿ.ವಿ.ಡಿ.ಯನ್ನು 8 ಪಟ್ಟಿನಲ್ಲಿ ಬರೆಯುವುದು ನಮ್ಮ ಈಗಿನ ಪದ್ಧತಿ. ತುಂಬಿದ ಡಿ.ವಿ.ಡಿ. 16 ಪಟ್ಟಿನಲ್ಲಿ ಆರು ನಿಮಿಷವಾದರೆ, 8 ಪಟ್ಟಿನಲ್ಲಿ ಎಂಟು ಹತ್ತು ನಿಮಿಷ. ಒಂದು ಚಹಾದ ಅಂತರ. ಆತುರಗಾರನಿಗೆ ಬುದ್ಧಿ ಮಟ್ಟವೆಂಬುದನ್ನು ಇಲ್ಲಿ ನೆನೆಯಬೇಕು. ಹಾಗೆಂದು ತೀರ ನಿಧಾನವೂ ಸಲ್ಲದು. ಈಗಿನ ಲೇಪಗಳನ್ನು ವೇಗಕ್ಕೆ ಹೊಂದಿಸಿ ಮಾಡಿರುವುದರಿಂದ, 1 ಪಟ್ಟು, 2 ಪಟ್ಟಿನಲ್ಲಿ ಬರೆದರೆ ಶಾಖ ಹೆಚ್ಚಾಗಿ ಗುರುತು ಹರಡುವುದೂ ಉಂಟು. ಮಧ್ಯಮ ಮಾರ್ಗವೇ ಮೇಲು.

ಒಂದೇ ಬಾರಿಗೆ ಪೂರ್ತಿ ಬರೆದು, ಕೊನೆಯಲ್ಲಿ ಡಿಸ್ಕನ್ನು ಮುಚ್ಚುವ ಆಯ್ಕೆಯನ್ನು ಗುರುತಿಸಬೇಕು. ಇವತ್ತು ಸ್ವಲ್ಪ, ನಾಳೆ ಸ್ವಲ್ಪ ಎಂದು ತೆರೆದಿಟ್ಟ ಡಿಸ್ಕುಗಳನ್ನು ಬೇರೆ ಯಂತ್ರಗಳು ಗುರುತಿಸದೇ ಇರಬಹುದು.

ತಾಳೆ ನೋಡುವುದು

ಈ ಪಾಠದಲ್ಲಿ ಬೇರೆಲ್ಲ ಮರೆತರೂ ಈ ಭಾಗವನ್ನು ಮರೆಯಬಾರದೆಂದು ವಾಚಕರಲ್ಲಿ ವಿನಂತಿ. ಗಿರಣಿಯ ಕಚೇರಿಯಲ್ಲಿ ದಿನವಿಡೀ ಲೆಕ್ಕ ಬರೆಯುವವರು ನಾವು. ಕಿರ್ದಿಯಿಂದ ಖಾತೆಗೆ ಏರಿಸಿದ ಅಂಕಿಯನ್ನು ಮರಳಿ ತಾಳೆ ನೋಡದೆ ಲೆಕ್ಕ ಮುಗಿಯಿತೆಂದು ಒಂದು ದಿನವೂ ಎದ್ದವರಲ್ಲ. ಆದರೆ ಇಲ್ಲಿ, ಡಿಸ್ಕು ಹೊರಗೆ ಬಂದು ತೆರೆಯ ಮೇಲೆ "ಬರೆದಾಯಿತು" ಎಂಬ ಮಾತು ಮೂಡಿದೊಡನೆ ನಂಬಿಬಿಟ್ಟೆವು. ಯಂತ್ರ ಹೇಳುವುದು ತಾನು ಬರೆದೆನೆಂದಷ್ಟೇ. ಬರೆದದ್ದು ಓದಬರುವುದೆಂದು ಅದು ಹೇಳುವುದಿಲ್ಲ.

ಬರೆಯುವ ಎಲ್ಲ ಒಳ್ಳೆಯ ಪ್ರೋಗ್ರಾಮುಗಳಲ್ಲಿ, ವಿಂಡೋಸಿನ ಇಮ್ಗ್‌ಬರ್ನ್ ನಲ್ಲಿಯೂ ಲಿನಕ್ಸಿನ ಕೆ3ಬಿಯಲ್ಲಿಯೂ, ಬರೆದ ಮೇಲೆ ಓದಿ ಮೂಲದೊಡನೆ ಹೋಲಿಸುವ ಆಯ್ಕೆಯಿದೆ. ಅದನ್ನು ಯಾವಾಗಲೂ ಗುರುತಿಸಿರಬೇಕು. ಬರೆಯಲು ಹಿಡಿದಷ್ಟೇ ಹೊತ್ತು ಇದಕ್ಕೂ ಹಿಡಿಯುತ್ತದೆ. ಅನಂತರ ಅದೇ ಡಿಸ್ಕನ್ನು ಬೇರೆ ಒಂದು ಯಂತ್ರದಲ್ಲಿ ಹಾಕಿ ಓದಿಸಬೇಕು. ಬರೆದವನು ತನ್ನ ಕೈಬರಹವನ್ನು ತಾನು ಓದುವುದು ಸುಲಭ. ನೆರೆಯವನು ಓದಬಲ್ಲನೇ ಎಂಬುದೇ ಪರೀಕ್ಷೆ.

ವರ್ಷಗಳ ಮೇಲೆ ತಾಳೆ ನೋಡಲು ಇನ್ನೊಂದು ಸಾಧನವಿದೆ. ಎಸ್.ಎಚ್.ಎ.-256 ಎಂಬ ಲೆಕ್ಕವು ಯಾವುದೇ ಕಡತಕ್ಕೆ ಅರುವತ್ತನಾಲ್ಕು ಅಕ್ಷರಾಂಕಿಗಳ ಒಂದು ಮೊತ್ತವನ್ನು ಕೊಡುತ್ತದೆ. ಕಡತದಲ್ಲಿ ಒಂದೇ ಒಂದು ಬಿಂದು ಬದಲಾದರೂ ಮೊತ್ತ ಪೂರ್ತಿ ಬೇರೆಯಾಗುತ್ತದೆ. ಡಿಸ್ಕು ಬರೆಯುವ ದಿನವೇ ಎಲ್ಲ ಕಡತಗಳ ಮೊತ್ತವನ್ನು ತೆಗೆದು, ಒಂದು ಪ್ರತಿಯನ್ನು ಡಿಸ್ಕಿನಲ್ಲಿಯೂ ಒಂದನ್ನು ಹೊರಗೂ ಇಟ್ಟರೆ, ಹತ್ತು ವರ್ಷದ ಮೇಲೆಯೂ ಯಾರು ಬೇಕಾದರೂ ತಾಳೆ ನೋಡಬಹುದು. ಇದಕ್ಕೆ ಬೇಕಾದ ಉಪಕರಣ ವಿಂಡೋಸಿನಲ್ಲಿಯೂ ಲಿನಕ್ಸಿನಲ್ಲಿಯೂ ಮೊದಲಿನಿಂದಲೇ ಇರುತ್ತದೆ, ಕಾಸು ಖರ್ಚಿಲ್ಲ.

ಕಾಪಾಡುವುದು

ಮೇಲೆ ಹೇಳಿದ ಕೈಪಿಡಿಯಂತೆ ಡಿಸ್ಕುಗಳು 4ರಿಂದ 20 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ, ನೂರಕ್ಕೆ 20ರಿಂದ 50ರಷ್ಟು ತೇವದಲ್ಲಿ ಇರಬೇಕು. ನಮ್ಮ ಮುಂಬಯಿಯ ಆಷಾಢ ಶ್ರಾವಣಗಳಲ್ಲಿ ಅದು ಕನಸಿನ ಮಾತು. ಆದರೂ ಕೆಲವು ಸಂಗತಿ ನಮ್ಮ ಕೈಯಲ್ಲಿದೆ. ಗಟ್ಟಿಯಾದ ಪ್ರತ್ಯೇಕ ಡಬ್ಬಿಯಲ್ಲಿ, ಪುಸ್ತಕದಂತೆ ನಿಲ್ಲಿಸಿ, ಕತ್ತಲೆಯಲ್ಲಿ ಇಡಬೇಕು. ಬಿಗಿಯಾದ ಡಬ್ಬದಲ್ಲಿ ಸಿಲಿಕಾ ಜೆಲ್ಲಿನ ಪೊಟ್ಟಣ ಹಾಕಿ, ಮಳೆಗಾಲಕ್ಕೆ ಮುಂಚೆ ಅದನ್ನು ಬದಲಿಸಬೇಕು. ಕಿಟಕಿಯ ಬಿಸಿಲು ಬೀಳುವ ಅರೆ, ಟಿ.ವಿ.ಯ ಮೇಲ್ಭಾಗ, ಅಡಿಗೆಮನೆಯ ಗೋಡೆ, ಇವು ವರ್ಜ್ಯ. ಒರೆಸುವಾಗ ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು. ಸುತ್ತಲೂ ಉಜ್ಜಿದರೆ ಗೀರು ಸುರುಳಿಯ ದಿಕ್ಕಿನಲ್ಲಿಯೇ ಬಿದ್ದು ಒಂದೇ ಕಡೆ ಬಹಳ ಬರಹ ಕೆಡುತ್ತದೆ.

ಹೆಸರು ಬರೆಯಲು ಬಾಲ್‌ಪೆನ್ ಬಳಸಬಾರದು. ಮೆತ್ತನೆಯ ಮೊನೆಯ, ನೀರಿನ ಶಾಯಿಯ ಮಾರ್ಕರಿನಿಂದ, ನಡುವಿನ ಪಾರದರ್ಶಕ ಉಂಗುರದಲ್ಲಿ ಸಂಖ್ಯೆಯನ್ನಷ್ಟೇ ಬರೆದು, ವಿವರವನ್ನು ಡಬ್ಬಿಯೊಳಗಿನ ಚೀಟಿಯಲ್ಲಿ ಬರೆಯಬೇಕು. ಅಂಟುವ ಕಾಗದದ ಚೀಟಿಯನ್ನಂತೂ ಡಿಸ್ಕಿನ ಮೇಲೆ ಎಂದಿಗೂ ಹಚ್ಚಬಾರದು. ಅದು ತೂಕವನ್ನು ಓರೆ ಮಾಡುತ್ತದೆ. ತೇವ ಹೀರಿ ಸುಕ್ಕುಗಟ್ಟುತ್ತದೆ. ಏಳುವಾಗ ಬೆಳ್ಳಿಯ ಪದರವನ್ನೂ ಕಿತ್ತುಕೊಂಡು ಏಳುತ್ತದೆ.

ಎಷ್ಟೇ ಜೋಪಾನ ಮಾಡಿದರೂ ಒಂದೇ ಪ್ರತಿ ಪ್ರತಿಯಲ್ಲ. ಎರಡು ಡಿಸ್ಕು, ಸಾಧ್ಯವಾದರೆ ಬೇರೆ ಬೇರೆ ಕಾರ್ಖಾನೆಯವು, ಜೊತೆಗೆ ಹಾರ್ಡ್ ಡಿಸ್ಕಿನಲ್ಲಿ ಒಂದು, ಹೀಗೆ ಮೂರು ಪ್ರತಿ ಇರಬೇಕು. ಅವುಗಳಲ್ಲಿ ಒಂದು ಬೇರೆ ಕಟ್ಟಡದಲ್ಲಿರಬೇಕು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ನೆಲಮಾಳಿಗೆ ಮನೆಗಳಲ್ಲಿ ಏನೇನು ತೇಲಿಹೋಯಿತೆಂಬುದನ್ನು ಕಂಡವರು ನಮ್ಮಲ್ಲಿ ಅನೇಕರಿದ್ದಾರೆ. ವರ್ಷಕ್ಕೊಮ್ಮೆ ಪ್ರತಿಯೊಂದು ಡಿಸ್ಕನ್ನು ಪೂರ್ತಿ ಓದಿಸಿ ನೋಡಬೇಕು. ಐದು ವರ್ಷಕ್ಕೊಮ್ಮೆ ಹೊಸದಕ್ಕೆ ಇಳಿಸಬೇಕು.

ಇಷ್ಟೆಲ್ಲ ತೊಡಕಿರುವಾಗ ಡಿಸ್ಕೇ ಏಕೆ ಎಂದು ಯಾರಾದರೂ ಕೇಳಬಹುದು. ಹಾರ್ಡ್ ಡಿಸ್ಕಿನಲ್ಲಿರುವುದು ಒಂದು ತಪ್ಪು ಬೆರಳಿಗೆ ಅಳಿಸಿಹೋಗಬಹುದು; ಮುಚ್ಚಿದ ಡಿಸ್ಕಿನಲ್ಲಿ ಬರೆದದ್ದನ್ನು ಬೆರಳಾಗಲಿ ವೈರಸ್ಸಾಗಲಿ ಅಳಿಸಲಾರದು. ತಿಂಗಳ ಬಾಡಿಗೆಯೂ ಇಲ್ಲ. ಇದು ಮೂರರಲ್ಲಿ ಒಂದಾಗಿ ನಂಬಿಕೆಗೆ ಅರ್ಹ; ಒಂಟಿಯಾಗಿ ಅಲ್ಲ.

ಹಳೆಯ ಡಿಸ್ಕು ಓದದಿದ್ದರೆ

ಮೊದಲು, ಅದನ್ನು ಎಸೆಯಬಾರದು. ಎಲ್ಲ ಯಂತ್ರಗಳ ಕಣ್ಣೂ ಒಂದೇ ಅಲ್ಲ. ಒಂದು ಓದದ್ದನ್ನು ಇನ್ನೊಂದು ಓದುವುದುಂಟು. ಮೂರು ನಾಲ್ಕು ಯಂತ್ರಗಳಲ್ಲಿ ಹಾಕಿ, ಕಡಿಮೆ ವೇಗದಲ್ಲಿ ಓದಿಸಬೇಕು. ಡೇಟಾ ಡಿಸ್ಕಿಗೆ ಡಿಡಿ-ರೆಸ್ಕ್ಯೂ, ಆಡಿಯೋ ಸಿ.ಡಿ.ಗೆ ಎಕ್ಸ್ಯಾಕ್ಟ್ ಆಡಿಯೋ ಕಾಪಿ ಎಂಬ ಪ್ರೋಗ್ರಾಮುಗಳಿವೆ. ಇವು ತಡವರಿಸಿದ ಜಾಗವನ್ನು ಬಿಡದೆ ಮತ್ತೆ ಮತ್ತೆ ಓದಿ ಸಿಕ್ಕಷ್ಟನ್ನು ಹೊರಗೆ ತೆಗೆಯುತ್ತವೆ.

17ನೆಯ ಡಿಸ್ಕನ್ನು ನಾವು ಹೀಗೆಯೇ ಮಾಡಿದೆವು. ಅದನ್ನು ದೀಪಕ್ಕೆ ಹಿಡಿದಾಗ ಕಾರಣವೂ ಕಂಡಿತು. ನಾವೇ ಹಚ್ಚಿದ್ದ ಕಾಗದದ ಚೀಟಿ ಅಂಚಿನಲ್ಲಿ ಎದ್ದು, ಬೆಳ್ಳಿಯ ಪದರವನ್ನು ಎಳೆದುಕೊಂಡಿತ್ತು. ಎರಡು ಯಂತ್ರಗಳು ಅದನ್ನು ಗುರುತಿಸಲೇ ಇಲ್ಲ. ಸದಸ್ಯರೊಬ್ಬರ ಮನೆಯ ಹಳೆಯ ಯಂತ್ರವೊಂದು ಮೂರು ರಾತ್ರಿ ಓದಿ ಮೂವತ್ತೆಂಟು ನಿಮಿಷದ ಧ್ವನಿಯನ್ನು ಕೊಟ್ಟಿತು. ಉಳಿದ ಇಪ್ಪತ್ತೆರಡು ನಿಮಿಷ ಹೋಯಿತು. ಕ್ಯಾಸೆಟ್ಟು ಇದ್ದಿದ್ದರೆ ಒಂದು ನಿಮಿಷವೂ ಹೋಗುತ್ತಿರಲಿಲ್ಲ. ಆ ತಾಯಿ ವಾಚನಾಲಯದ ಮೂಲೆಯಲ್ಲಿ ಕುಳಿತು ಮೂವತ್ತೆಂಟು ನಿಮಿಷವನ್ನೂ ಕೇಳಿದರು. ಮುಗಿದ ಮೇಲೆ "ಇಷ್ಟಾದರೂ ಸಿಕ್ಕಿತಲ್ಲ" ಎಂದು ನಮಗೇ ಸಮಾಧಾನ ಹೇಳಿದರು. ಈಗ ಅದರ ಮೂರು ಪ್ರತಿಗಳಿವೆ. ಒಂದು ಅವರ ಮನೆಯಲ್ಲಿದೆ.

ನೆನಪಿಡಬೇಕಾದ ಮಾತುಗಳು

1. ಮೂಲವನ್ನು, ಅದು ಕ್ಯಾಸೆಟ್ಟಾಗಲಿ ಚಿತ್ರವಾಗಲಿ, ಎಸೆಯಬಾರದು.
2. ಮುಚ್ಚಿದ ಡಬ್ಬಿಯ ಡಿಸ್ಕನ್ನು ಬೇಕಾದಷ್ಟೇ ಕೊಂಡು, ಮೊದಲು ಪರೀಕ್ಷಿಸಬೇಕು.
3. ಅಂಚಿನವರೆಗೆ ತುಂಬಬಾರದು, ಮಧ್ಯಮ ವೇಗದಲ್ಲಿ, ಒಂದೇ ಬಾರಿಗೆ ಬರೆದು ಮುಚ್ಚಬೇಕು.
4. ಓದಿ ತಾಳೆ ನೋಡಿದ ಮೇಲೆಯೇ ಬರೆದಾಯಿತೆಂದು ತಿಳಿಯಬೇಕು.
5. ಚೀಟಿ ಅಂಟಿಸಬಾರದು; ನಿಲ್ಲಿಸಿ, ಕತ್ತಲೆಯಲ್ಲಿ, ಒಣಗಿದಲ್ಲಿ ಇಡಬೇಕು.
6. ಮೂರು ಪ್ರತಿ, ಎರಡು ಸ್ಥಳ, ವರ್ಷಕ್ಕೊಮ್ಮೆ ಪರೀಕ್ಷೆ.

ಮನೆಯಲ್ಲಿ ಹಳೆಯ ಡಿಸ್ಕು, ಕ್ಯಾಸೆಟ್ಟುಗಳಿರುವ ಸದಸ್ಯರು ಪ್ರತಿ ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ವಾಚನಾಲಯಕ್ಕೆ ತಂದರೆ ನಾವು ಓದಿಸಿ ನೋಡಿ, ಪ್ರತಿ ಮಾಡಿಕೊಡುತ್ತೇವೆ. ಇದಕ್ಕೆ ಶುಲ್ಕವಿಲ್ಲ, ಖಾಲಿ ಡಿಸ್ಕನ್ನು ಮಾತ್ರ, ಮೇಲೆ ಹೇಳಿದಂತೆ ನೋಡಿ ಕೊಂಡು, ತಾವೇ ತರಬೇಕು. ಓದದ ಹತ್ತೊಂಬತ್ತು ಡಿಸ್ಕುಗಳ ಪಟ್ಟಿಯನ್ನು ಸೂಚನಾ ಫಲಕದಲ್ಲಿ ಹಚ್ಚಿದ್ದೇವೆ. ಆ ಭಾಷಣಗಳ, ನಾಟಕಗಳ ಪ್ರತಿ ಯಾರ ಮನೆಯ ಟ್ರಂಕಿನಲ್ಲಾದರೂ ಇದ್ದರೆ ದಯವಿಟ್ಟು ತಿಳಿಸಬೇಕು.